ನಾಭಿಯ ಕೆಳಗಿನ ಪೆಟ್ಟು: ಗದಾಯುದ್ಧ ಪ್ರಸಂಗದಲ್ಲಿ ಆಟದ ಧರ್ಮ

೧

ಗದಾಯುದ್ಧದ ಪ್ರಸಂಗವನ್ನು ಕುರಿತು ಕನ್ನಡ ವಿಮರ್ಶೆಯಲ್ಲಿ ನಡೆದಿರುವ ಚರ್ಚೆ ಅಲ್ಪವಾದುದಲ್ಲ. ರನ್ನನ ಕಾವ್ಯದ ನಾಯಕನು ಭೀಮನೋ ದುರ್ಯೋಧನನೋ ಎಂಬ ಜಿಜ್ಞಾಸೆ, ಸಿಂಹಾವಲೋಕನ ಕ್ರಮದ ಔಚಿತ್ಯ, ಭಾಸ ಭಟ್ಟನಾರಾಯಣರಿಗೆ ಆ ಕವಿ ಪಟ್ಟ ಋಣ, ಇವೆಲ್ಲವೂ ವಿದ್ವಾಂಸರ ಲೇಖನಿಗೆ ವಿಷಯವಾಗಿವೆ. ಆದರೆ ಆ ಪ್ರಸಂಗದ ನಟ್ಟನಡುವೆ ಇರುವ ಒಂದು ಸರಳವಾದ ಪ್ರಶ್ನೆ, ಗರಡಿಯ ಹುಡುಗನೂ ಕೇಳಬಹುದಾದ ಪ್ರಶ್ನೆ, ಈ ಚರ್ಚೆಯಲ್ಲಿ ಹಿಂದೆ ಉಳಿದಿದೆ. ಭೀಮನು ಹೊಡೆದ ಕಡೆಯ ಪೆಟ್ಟು ಪಂದ್ಯದ ನಿಯಮಕ್ಕೆ ವಿರುದ್ಧವಾದುದು. ಹಾಗಿದ್ದಲ್ಲಿ ಅಂದು ಗೆದ್ದವರು ಯಾರು?

ಈ ಪ್ರಶ್ನೆಗೆ ಥಟ್ಟನೆ ಬರುವ ಉತ್ತರವೊಂದುಂಟು. ಅದು ಯುದ್ಧವೇ ಹೊರತು ಆಟವಲ್ಲ, ಯುದ್ಧದಲ್ಲಿ ಗೆಲುವೊಂದೇ ಪ್ರಮಾಣ ಎಂಬುದು ಆ ಉತ್ತರ. ವ್ಯಾಸಭಾರತದ ಶಲ್ಯಪರ್ವವನ್ನು ನಿಧಾನವಾಗಿ ಓದಿದರೆ ಈ ಮಾತು ನಿಲ್ಲುವುದಿಲ್ಲ. ಹದಿನೆಂಟನೆಯ ದಿನ ಸೇನೆಗಳೆರಡೂ ಬಹುಮಟ್ಟಿಗೆ ನಾಶವಾಗಿವೆ. ಸರೋವರದಲ್ಲಿ ಅಡಗಿದ್ದ ದುರ್ಯೋಧನನಿಗೆ ಧರ್ಮರಾಯನು ಒಂದು ಕರಾರನ್ನು ಮುಂದಿಡುತ್ತಾನೆ. ಐವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬಹುದು, ಆಯುಧವನ್ನೂ ಆರಿಸಿಕೊಳ್ಳಬಹುದು. ಆ ಒಬ್ಬನನ್ನು ಗೆದ್ದರೆ ರಾಜ್ಯವೆಲ್ಲವೂ ಅವನದೇ. ಇಲ್ಲಿಗೆ ಯುದ್ಧ ಮುಗಿಯಿತು, ಪಂದ್ಯ ಮೊದಲಾಯಿತು. ಬಲರಾಮನ ಸೂಚನೆಯಂತೆ ಕಣವು ಸರೋವರದ ದಡದಿಂದ ಸಮಂತಪಂಚಕಕ್ಕೆ ಹೋಗುತ್ತದೆ. ಉಳಿದವರೆಲ್ಲರೂ ಸುತ್ತಲೂ ಕುಳಿತು ನೋಡುತ್ತಾರೆ. ಎರಡು ಪಕ್ಷಗಳಲ್ಲಿ ಯಾವುದನ್ನೂ ಸೇರದೆ ತೀರ್ಥಯಾತ್ರೆಗೆ ಹೊರಟು ೪೨ ದಿನಗಳನ್ನು ಕಳೆದು ಬಂದ ಬಲರಾಮನು, ಹೋರಾಡುವವರಿಬ್ಬರಿಗೂ ವಿದ್ಯೆ ಕಲಿಸಿದ ಗುರು, ನಡುವೆ ಕುಳಿತಿದ್ದಾನೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ಶಾಸ್ತ್ರವು ಎಲ್ಲರಿಗೂ ತಿಳಿದದ್ದು. ಒಪ್ಪಂದ, ಪಣ, ಕಣ, ನಿಯಮ, ನಿರ್ಣಾಯಕ, ಪ್ರೇಕ್ಷಕರು: ಪಂದ್ಯವೊಂದಕ್ಕೆ ಬೇಕಾದ ಅಂಗಗಳಲ್ಲಿ ಯಾವುದೂ ಇಲ್ಲಿ ಕಡಮೆಯಾಗಿಲ್ಲ.

ಈ ಮಾತನ್ನು ಮೊದಲು ಕಂಡುಕೊಂಡವನು ಕೃಷ್ಣನೇ. ಕರಾರನ್ನು ಕೇಳಿದೊಡನೆ ಅವನು ಧರ್ಮರಾಯನ ಮೇಲೆ ಸಿಡಿದುಬೀಳುತ್ತಾನೆ. ದುರ್ಯೋಧನನು ನಕುಲನನ್ನೋ ಸಹದೇವನನ್ನೋ ಆರಿಸಿಕೊಂಡಿದ್ದರೆ ಗತಿಯೇನು? ಹಿಂದೆ ಶಕುನಿಯೊಡನೆ ಆಡಿದ ಜೂಜನ್ನೇ ನೀನು ಮತ್ತೆ ಆರಂಭಿಸಿದ್ದೀಯೆ ಎಂಬುದು ಅವನ ಆಕ್ಷೇಪಣೆಯ ಸಾರ. ಮಹಾಭಾರತದ ಸರ್ವನಾಶಕ್ಕೆ ಪಗಡೆಯ ಹಾಸಿನ ಮೇಲೆ ಬೀಜ ಬಿದ್ದಿತು; ಅದರ ಕಡೆಯ ಫಲವನ್ನು ಕೊಯ್ದದ್ದು ಗದೆಯ ಕಣದಲ್ಲಿ. ಎರಡು ಆಟಗಳ ನಡುವೆ ಒಂದು ಯುದ್ಧವನ್ನು ವ್ಯಾಸನು ಇಟ್ಟಿದ್ದಾನೆ. ಎರಡು ಆಟಗಳಲ್ಲಿಯೂ ಮೋಸವನ್ನು ಇಟ್ಟಿದ್ದಾನೆ. ಈ ಹೊಂದಿಕೆ ಆಕಸ್ಮಿಕವೆಂದು ತೋರುವುದಿಲ್ಲ.

೨

ಮೊದಲನೆಯ ಆಟವನ್ನು ನೋಡಬೇಕು. ಶಕುನಿಯ ದಾಳಗಳು ಅವನ ತಂದೆಯ ಎಲುಬಿನಿಂದ ಮಾಡಿದವುಗಳೆಂಬ ಕಥೆ ಜನಪ್ರಿಯವಾದದ್ದು, ಅದು ವ್ಯಾಸನದಲ್ಲ. ಮೂಲದ ಸಭಾಪರ್ವದಲ್ಲಿ ದಾಳಗಳ ಮರ್ಮವನ್ನು ಕವಿ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಧರ್ಮರಾಯನು ಪಣವನ್ನು ಹೇಳುತ್ತಾನೆ. ಶಕುನಿ ನಿಕೃತಿಯನ್ನು ಆಶ್ರಯಿಸಿ ಗೆದ್ದೆನೆನ್ನುತ್ತಾನೆ. ಇಷ್ಟೇ ಮತ್ತೆ ಮತ್ತೆ ಬರುತ್ತದೆ. ಮೋಸದ ತಂತ್ರ ಯಾವುದೆಂಬುದರಲ್ಲಿ ವ್ಯಾಸನಿಗೆ ಆಸಕ್ತಿಯಿಲ್ಲ. ಮೋಸಕ್ಕೆ ಕೊಡುವ ಸಮರ್ಥನೆಯಲ್ಲಿ ಅವನಿಗೆ ಬಹಳ ಆಸಕ್ತಿಯುಂಟು.

ಆ ಸಮರ್ಥನೆಯನ್ನು ಶಕುನಿ ಆಟಕ್ಕೆ ಮೊದಲೇ ಮಂಡಿಸುತ್ತಾನೆ. ಬಲ್ಲವನು ಅರಿಯದವನನ್ನು ಗೆಲ್ಲುವುದು ಲೋಕದ ರೀತಿ. ಪಂಡಿತನು ಪಾಮರನನ್ನು ಗೆಲ್ಲುತ್ತಾನೆ, ಬಲಿಷ್ಠನು ದುರ್ಬಲನನ್ನು ಗೆಲ್ಲುತ್ತಾನೆ. ಅದನ್ನು ಯಾರೂ ವಂಚನೆಯೆನ್ನುವುದಿಲ್ಲ. ನಿನಗೆ ಭಯವಿದ್ದರೆ ಆಡಬೇಡ. ಈ ವಾದದ ಜಾಣತನವನ್ನು ಒಪ್ಪಿಕೊಳ್ಳಲೇಬೇಕು. ಕೌಶಲಕ್ಕೂ ಕಪಟಕ್ಕೂ ನಡುವೆ ಇರುವ ಗೆರೆಯನ್ನು ಅದು ಅಳಿಸುತ್ತದೆ, ಅಳಿಸಿದುದು ಗೊತ್ತಾಗದಂತೆ ಅಳಿಸುತ್ತದೆ. ಆದರೆ ಆ ಗೆರೆ ನಿಜವಾದುದು. ಎದುರಾಳಿಯೂ ಕಲಿಯಬಹುದಾದದ್ದು ಕೌಶಲ. ಎದುರಾಳಿಗೆ ತಿಳಿದೊಡನೆ ಆಟವೇ ನಿಂತುಹೋಗುವಂಥದು ಕಪಟ. ಗರಡಿಯ ಪೈಲವಾನನು ತನ್ನ ಪಟ್ಟನ್ನು ಹತ್ತು ಜನರ ಮುಂದೆ ಹಾಕಿ ತೋರಿಸಬಲ್ಲನು. ಅದನ್ನು ಕಂಡವರು ಅವನೊಡನೆ ಕುಸ್ತಿಗೆ ಇಳಿಯಲು ಹಿಂಜರಿಯರು. ಶಕುನಿ ತನ್ನ ಪಟ್ಟನ್ನು ಯಾರಿಗೂ ತೋರಿಸಲಾರನು.

ಧರ್ಮರಾಯನಿಗೆ ಇದು ಕಾಣದೆ ಇರಲಿಲ್ಲ. ದುರ್ಯೋಧನನು ಪಣವೊಡ್ಡಿ ಅವನ ಪರವಾಗಿ ಶಕುನಿ ದಾಳ ಹಾಕುವುದೆಂದಾಗ, ಒಬ್ಬನ ಬದಲು ಇನ್ನೊಬ್ಬನು ಆಡುವುದು ಸಮವಾದ ಆಟವಲ್ಲವೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಹೇಳಿ, ಆಡಲು ಕುಳಿತುಕೊಳ್ಳುತ್ತಾನೆ. ಕರೆದರೆ ಹಿಂಜರಿಯಬಾರದೆಂಬ ಕ್ಷತ್ರಿಯನ ವ್ರತ ಅವನನ್ನು ಕಟ್ಟಿಹಾಕಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೂ ವಿಷಮವೆಂದು ತಿಳಿದ ಕಣದಲ್ಲಿ ಆಕ್ಷೇಪಣೆಯನ್ನು ದಾಖಲು ಮಾಡಿ ಮುಂದುವರಿದವನು, ಮೋಸ ಮಾಡಿದವನಲ್ಲದಿದ್ದರೂ, ಮೋಸಕ್ಕೆ ಎಡೆ ಮಾಡಿಕೊಟ್ಟವನು. ನ್ಯಾಯವಾದ ಆಟವು ನಿಯಮ ಮುರಿಯದವನೊಬ್ಬನಿಂದಲೇ ಉಳಿಯುವುದಿಲ್ಲ. ನಿಯಮ ಮುರಿದಾಗ ಆಟವನ್ನು ನಿಲ್ಲಿಸುವವನೂ ಬೇಕು. ಆ ಸಭೆಯಲ್ಲಿ ವಿದುರನು ಎಚ್ಚರಿಕೆ ಕೊಟ್ಟನು. ನಿಲ್ಲಿಸುವ ಅಧಿಕಾರವಿದ್ದ ಧೃತರಾಷ್ಟ್ರನು ಗೆದ್ದವರು ಯಾರೆಂದು ಆತುರದಿಂದ ಕೇಳುತ್ತಿದ್ದನು.

೩

ಗದೆಯ ಪಂದ್ಯಕ್ಕೆ ಬಂದಾಗ ಸ್ಥಾನಗಳು ಅದಲುಬದಲಾಗುತ್ತವೆ. ಈಗ ನಿಯಮವನ್ನು ನೆಚ್ಚಿ ಆಡುತ್ತಿರುವವನು ದುರ್ಯೋಧನ. ಇಬ್ಬರಲ್ಲಿ ಮೇಲಾದವರಾರೆಂದು ಅರ್ಜುನನು ಕೇಳಿದಾಗ ಕೃಷ್ಣನು ಕೊಡುವ ಉತ್ತರವು ಪಕ್ಷಪಾತವಿಲ್ಲದ ಒಂದು ತೀರ್ಪು. ಇಬ್ಬರಿಗೂ ದೊರೆತ ಶಿಕ್ಷಣ ಸಮ. ಭೀಮನಲ್ಲಿ ಬಲ ಹೆಚ್ಚು. ಅಭ್ಯಾಸದಲ್ಲಿಯೂ ಕುಶಲತೆಯಲ್ಲಿಯೂ ದುರ್ಯೋಧನನು ಹೆಚ್ಚು. ಭೀಮನನ್ನು ಕೊಲ್ಲಬೇಕೆಂಬ ಹಂಬಲದಿಂದ ಕಬ್ಬಿಣದ ಪುರುಷನೊಬ್ಬನನ್ನು ಮಾಡಿಸಿ ಅದರ ಮೇಲೆ ಹದಿಮೂರು ವರ್ಷ ಸಾಧನೆ ಮಾಡಿದವನು ಅವನು. ನ್ಯಾಯವಾಗಿ ಹೋರಾಡಿದರೆ ಭೀಮನು ಗೆಲ್ಲಲಾರನು. ಇಷ್ಟನ್ನು ಹೇಳಿದ ಮೇಲೆ ಕೃಷ್ಣನು ತೊಡೆ ಮುರಿಯುವ ಪ್ರತಿಜ್ಞೆಯನ್ನು ನೆನಪಿಗೆ ತರುತ್ತಾನೆ. ಅರ್ಜುನನು ಭೀಮನು ನೋಡುವಂತೆ ತನ್ನ ಎಡತೊಡೆಯನ್ನು ತಟ್ಟುತ್ತಾನೆ. ಭೀಮನಿಗೆ ಅರ್ಥವಾಗುತ್ತದೆ. ಪೆಟ್ಟನ್ನು ತಪ್ಪಿಸಿಕೊಳ್ಳಲು ದುರ್ಯೋಧನನು ಮೇಲಕ್ಕೆ ನೆಗೆದ ಕ್ಷಣದಲ್ಲಿ ಗದೆ ಅವನ ತೊಡೆಗಳ ಮೇಲೆ ಬೀಳುತ್ತದೆ. ಅವನನ್ನು ಅದುವರೆಗೆ ಕಾಪಾಡಿದ ಕೌಶಲವೇ ಆ ಪೆಟ್ಟಿಗೆ ಅವನನ್ನು ಒಡ್ಡಿತು.

ವ್ಯಾಸನ ಪ್ರಾಮಾಣಿಕತೆ ಇಲ್ಲಿ ಆಶ್ಚರ್ಯಕರವಾದುದು. ತನ್ನ ಕಾವ್ಯದ ಧರ್ಮಪಕ್ಷವು ನ್ಯಾಯವಾಗಿ ಗೆಲ್ಲಲಾರದೆಂಬುದನ್ನು ಆ ಪಕ್ಷದ ಸೂತ್ರಧಾರನ ಬಾಯಿಂದಲೇ, ಅದೂ ಪೆಟ್ಟು ಬೀಳುವುದಕ್ಕೆ ಮೊದಲೇ, ಅವನು ಹೇಳಿಸಿದ್ದಾನೆ. ಆಮೇಲೆ ಹೇಳಿಸಿದ್ದರೆ ಅದು ಪಶ್ಚಾತ್ತಾಪವಾಗುತ್ತಿತ್ತು. ಮೊದಲೇ ಹೇಳಿಸಿದ್ದರಿಂದ ಅದು ಸಾಕ್ಷ್ಯವಾಗಿದೆ.

ಪೆಟ್ಟು ಬಿದ್ದ ಮೇಲೆ ಮೂರು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ. ಮೊದಲನೆಯದು ಬಲರಾಮನದು. ನಾಭಿಯ ಕೆಳಗೆ ಹೊಡೆದದ್ದನ್ನು ಕಂಡು ಅವನು ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ಬೀಳುತ್ತಾನೆ. ಅವನಿಗೆ ದುರ್ಯೋಧನನ ಹಿಂದಿನ ನಡತೆ ಅಪ್ರಸ್ತುತ. ಕಣದಲ್ಲಿ ನಡೆದದ್ದಷ್ಟೇ ಅವನ ವಿಚಾರಣೆಗೆ ಸೇರಿದ್ದು. ಎರಡನೆಯದು ಕೃಷ್ಣನದು. ಅಣ್ಣನನ್ನು ತಬ್ಬಿ ಹಿಡಿದು ಅವನು ಕಾರಣಗಳನ್ನು ಒಂದರ ಮೇಲೊಂದಾಗಿ ಹೇಳುತ್ತಾನೆ: ಪ್ರತಿಜ್ಞೆ ಪಾಲಿಸುವುದು ಕ್ಷತ್ರಿಯ ಧರ್ಮ, ತೊಡೆ ಮುರಿಯಲೆಂದು ಮೈತ್ರೇಯನು ಶಪಿಸಿದ್ದನು, ಕಲಿಯುಗ ಹತ್ತಿರ ಬಂದಿದೆ. ಮೂರನೆಯದು ಧರ್ಮರಾಯನದು. ಅವನು ತೊಡೆಯ ಪೆಟ್ಟಿನ ವಿಷಯದಲ್ಲಿ ಗಟ್ಟಿಯಾಗಿ ಏನನ್ನೂ ಹೇಳಲಾರನು. ಆದರೆ ಬಿದ್ದವನ ತಲೆಯನ್ನು ಭೀಮನು ಕಾಲಿನಿಂದ ಒದ್ದಾಗ ತಡೆಯುತ್ತಾನೆ. ಸೋತವನನ್ನು ಅವಮಾನಿಸುವುದು ಅವನಿಗೆ ಸಹಿಸದು.

ಈ ಮೂರು ನಿಲವುಗಳನ್ನು ತೂಗಿ ನೋಡಿದರೆ ಗೆಲ್ಲುವಂತೆ ತೋರುವುದು ಕೃಷ್ಣನ ವಾದ. ಲೋಕಾನುಭವವೂ ಅದರ ಬೆನ್ನಿಗಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಕನ್ನಡದ ಗಾದೆಯೂ ಹೇಳುತ್ತದೆ. ದ್ರೌಪದಿಯನ್ನು ಸಭೆಗೆ ಎಳೆತಂದು ತೊಡೆ ತೋರಿಸಿದವನು ತೊಡೆಗೆ ಬಿದ್ದ ಪೆಟ್ಟನ್ನು ಅನ್ಯಾಯವೆನ್ನಬಹುದೆ? ಅನ್ಯಾಯಕ್ಕೆ ಗುರಿಯಾದವನು ಮಾತ್ರ ಏಕೆ ನ್ಯಾಯವಾಗಿ ಆಡಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲ ಮೋಸದಾಟಗಳ ಹಿಂದೆಯೂ ಇರುವ ಪ್ರಶ್ನೆ ಇದೇ. ಮೋಸ ಮಾಡುವವನು ತನಗೆ ಹಿಂದೆ ಆದ ಮೋಸವನ್ನು ಯಾವಾಗಲೂ ಬಲ್ಲನು.

ಆದರೆ ವ್ಯಾಸನ ನಿರೂಪಕನು ಕೃಷ್ಣನ ವಾದಕ್ಕೆ ಒಂದು ಹೆಸರನ್ನು ಕೊಟ್ಟಿದ್ದಾನೆ. ಆ ಧರ್ಮಚ್ಛಲವನ್ನು ಕೇಳಿಯೂ ಬಲರಾಮನು ಪ್ರಸನ್ನನಾಗಲಿಲ್ಲವೆಂದು ಸಂಜಯನು ಹೇಳುತ್ತಾನೆ. ಧರ್ಮದ ವೇಷ ತೊಟ್ಟ ನೆಪವೆಂದು ಆ ಪದದ ಅರ್ಥ. ಈ ‘ಛಲ’ ಎಂಬ ಮಾತು ಕನ್ನಡಕ್ಕೆ ಬಂದು ಪಡೆದ ಮಾರ್ಪಾಟು ವಿಚಾರಯೋಗ್ಯವಾದುದು. ಸಂಸ್ಕೃತದಲ್ಲಿ ಅದು ಕಪಟ. ಕನ್ನಡದಲ್ಲಿ ಅದು ಹಿಡಿದದ್ದನ್ನು ಬಿಡದ ನಿಷ್ಠೆ. ೯೪೧ರಲ್ಲಿ ತನ್ನ ಭಾರತವನ್ನು ರಚಿಸಿದ ಪಂಪನು ಪಾತ್ರಗಳಿಗೆ ಒಂದೊಂದು ಗುಣವನ್ನು ಹಂಚುವಾಗ ದುರ್ಯೋಧನನ ಪಾಲಿಗೆ ಇಟ್ಟದ್ದು ಛಲವನ್ನೇ. ಒಂದೇ ಪದವು ಸಂಸ್ಕೃತದಲ್ಲಿ ಕೃಷ್ಣನ ಸಮರ್ಥನೆಯ ದೋಷವನ್ನು ಹೇಳುತ್ತದೆ, ಕನ್ನಡದಲ್ಲಿ ದುರ್ಯೋಧನನ ಗುಣವನ್ನು ಹೇಳುತ್ತದೆ. ಗದಾಯುದ್ಧದ ಬಗೆಗೆ ಕನ್ನಡ ಮನಸ್ಸು ತಳೆದ ಒಲವನ್ನು ಈ ಒಂದು ಪದದಲ್ಲಿ ಕಾಣಬಹುದು.

ಕೃಷ್ಣನ ವಾದದ ನಿಜವಾದ ದೌರ್ಬಲ್ಯವು ಲೆಕ್ಕದಲ್ಲಿದೆ. ಜೀವನದ ಖಾತೆಯಲ್ಲಿ ಹಿಂದಿನ ಶಿಲ್ಕನ್ನು ಮುಂದಿನ ಪುಟಕ್ಕೆ ತರಲೇಬೇಕು, ತರದಿದ್ದರೆ ನ್ಯಾಯವಿಲ್ಲ. ಆಟವೆಂಬುದು ಮನುಷ್ಯನು ಕಂಡುಹಿಡಿದಿರುವ ಒಂದು ವಿಚಿತ್ರವಾದ ಖಾತೆ. ಅಲ್ಲಿ ಹಿಂದಿನ ಶಿಲ್ಕನ್ನು ತರತಕ್ಕದ್ದಲ್ಲ. ಪ್ರತಿಯೊಂದು ಪಂದ್ಯವೂ ಸೊನ್ನೆಯಿಂದ ಮೊದಲಾಗಬೇಕು. ರಾಜನೂ ಆಳೂ, ಸಾಲಿಗನೂ ಸಾಹುಕಾರನೂ ಅಲ್ಲಿ ಸಮರಾಗಿ ನಿಲ್ಲಲು ಸಾಧ್ಯವಾಗಿರುವುದು ಈ ಕಟ್ಟಳೆಯಿಂದಲೇ. ಹಿಂದಿನ ಬಾಕಿಯನ್ನು ತಂದೊಡನೆ ಅದು ಆಟವಾಗಿ ಉಳಿಯದೆ ವಸೂಲಿಯಾಗುತ್ತದೆ. ವಸೂಲಿ ಮಾಡಬೇಕಾಗಿದ್ದರೆ ಧರ್ಮರಾಯನು ಪಂದ್ಯದ ಕರಾರನ್ನೇ ಮಾಡಬಾರದಿತ್ತು. ಸೋತು ಅಡಗಿದ ಅಪರಾಧಿಯನ್ನು ಸೆರೆ ಹಿಡಿದು ವಿಚಾರಿಸಬಹುದಿತ್ತು. ಸಮನಾದ ಆಟವೆಂದು ಕರೆದು, ಸಾಲಗಾರನೆಂದು ಹೊಡೆದದ್ದು ಇಲ್ಲಿಯ ಅನ್ಯಾಯ.

ಇಂಥ ಬಾಕಿ ಒಂದು ಪುಟದಲ್ಲಿ ಮುಗಿಯುವುದೂ ಇಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನು ಭೀಷ್ಮ, ದ್ರೋಣ, ಕರ್ಣ, ಭೂರಿಶ್ರವರು ಸತ್ತ ಬಗೆಯನ್ನು ಎಣಿಸುತ್ತಾನೆ. ಕೃಷ್ಣನು ಅರಗಿನ ಮನೆ, ವಿಷ, ಜೂಜು, ಅಭಿಮನ್ಯು ಎಂದು ಎದುರು ಲೆಕ್ಕ ಕೊಡುತ್ತಾನೆ. ಅದೇ ರಾತ್ರಿ ಅಶ್ವತ್ಥಾಮನು, ಧರ್ಮದ ಕಟ್ಟೆಯನ್ನು ಅವರೇ ಮೊದಲು ನುಚ್ಚುನೂರು ಮಾಡಿದರೆಂಬ ಕಾರಣವನ್ನು ಮುಂದಿಟ್ಟು, ಮಲಗಿದವರನ್ನು ಕೊಲ್ಲಲು ಹೊರಡುತ್ತಾನೆ. ಉಪಪಾಂಡವರು ಸತ್ತದ್ದು ಹೀಗೆ. ತೊಡೆಗೆ ಬಿದ್ದ ಪೆಟ್ಟಿನ ಬಡ್ಡಿಯನ್ನು ದ್ರೌಪದಿಯ ಮಕ್ಕಳು ತೆತ್ತರು.

೪

ಕವಿಗಳು ಈ ಪೆಟ್ಟನ್ನು ಹೇಗೆ ನಿರ್ವಹಿಸಿದರೆಂಬುದನ್ನು ಈ ದೃಷ್ಟಿಯಿಂದ ನೋಡಬಹುದಾಗಿದೆ. ಭಾಸನದೆಂದು ಪ್ರಸಿದ್ಧವಾದ ‘ಊರುಭಂಗ’ದಲ್ಲಿ ಪೆಟ್ಟಿನ ಅನ್ಯಾಯವೇ ನಾಟಕದ ಬೀಜ. ಅಲ್ಲಿ ಪಂದ್ಯದ ನಡುವೆ ಭೀಮನು ಬಿದ್ದಾಗ ದುರ್ಯೋಧನನು ಅವನನ್ನು ಹೊಡೆಯದೆ ಅಭಯ ಕೊಡುತ್ತಾನೆ. ಆಮೇಲೆ ತನ್ನ ತೊಡೆ ಮುರಿದಾಗ ಬಲರಾಮನ ಕೋಪವನ್ನು ಅವನೇ ಶಮನ ಮಾಡುತ್ತಾನೆ. ಮಗ ದುರ್ಜಯನು ಬಂದು ತೊಡೆಯ ಮೇಲೆ ಕುಳಿತುಕೊಳ್ಳಬೇಕೆಂದಾಗ ತಂದೆಗೆ ಅದನ್ನು ನಡೆಸಿಕೊಡಲಾಗುವುದಿಲ್ಲ. ದ್ರೌಪದಿಗೆ ತೋರಿಸಿದ ತೊಡೆ ಅದೇ ಎಂಬುದನ್ನು ಪ್ರೇಕ್ಷಕನು ಮರೆತುಬಿಡುವಷ್ಟು ಆ ದೃಶ್ಯ ಕರುಣಾಮಯವಾಗಿದೆ. ಈ ಮರೆವು ನಾಟಕಕಾರನ ಶಕ್ತಿಗೆ ಸಾಕ್ಷಿ. ಜೊತೆಗೆ ಒಂದು ಎಚ್ಚರಿಕೆಯೂ ಹೌದು. ಅನ್ಯಾಯದ ಪೆಟ್ಟು ಪಾಪಿಯನ್ನು ಶಿಕ್ಷಿಸುವುದಕ್ಕಿಂತ ಹೆಚ್ಚಾಗಿ ಅವನನ್ನು ತೊಳೆದುಬಿಡುತ್ತದೆ.

ಭಟ್ಟನಾರಾಯಣನ ‘ವೇಣೀಸಂಹಾರ’ದ ಮಾರ್ಗ ಬೇರೆ. ಅಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಇಡೀ ನಾಟಕವನ್ನು ಆಳುತ್ತದೆ. ಪಂದ್ಯವು ರಂಗದ ಮೇಲೆ ಬರುವುದಿಲ್ಲ. ಕಡೆಗೆ ಬರುವುದು ರಕ್ತಸಿಕ್ತವಾದ ಕೈಯಿಂದ ಮುಡಿ ಕಟ್ಟುವ ಭೀಮ. ನಿಯಮದ ಪ್ರಶ್ನೆ ಏಳುವ ಕಣವನ್ನೇ ಕಣ್ಣಿನಿಂದ ಮರೆಮಾಡಿದ್ದರಿಂದ ಸೇಡು ನಿರ್ವಿಘ್ನವಾಗಿ ಸಾಗುತ್ತದೆ.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಳುಕ್ಯರ ಆಸ್ಥಾನದಲ್ಲಿ ಬೆಳಗಿದ ರನ್ನನ ಮುಂದೆ ಇವೆರಡು ಮಾರ್ಗಗಳೂ ಇದ್ದವು. ಅವನ ಕಾವ್ಯದ ಹೆಸರೇ ‘ಸಾಹಸಭೀಮವಿಜಯ’. ಭೀಮನು ಆಶ್ರಯದಾತನಾದ ಸತ್ಯಾಶ್ರಯನ ಪ್ರತಿರೂಪ. ಒಡೆಯನನ್ನು ಮೋಸದಾಟಗಾರನೆಂದು ಚಿತ್ರಿಸುವಂತಿಲ್ಲ. ಆದ್ದರಿಂದ ರನ್ನನು ಮೊದಲಿಗೇ ದ್ರೌಪದಿಯನ್ನು ತಂದು ಭೀಮನ ಪ್ರತಿಜ್ಞೆಯನ್ನು ಕಾವ್ಯದ ತಲೆಬಾಗಿಲಲ್ಲಿ ನಿಲ್ಲಿಸುತ್ತಾನೆ. ತೊಡೆಯು ನಿಷಿದ್ಧವಾದ ಅಂಗವೆಂಬುದಕ್ಕಿಂತ ಮೊದಲೇ ತೆರಬೇಕಾದ ಸಾಲವೆಂದು ಓದುಗನ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಅದೇ ಕವಿ ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ದ್ರೋಣನ, ತಮ್ಮ ದುಶ್ಶಾಸನನ, ಮಗ ಲಕ್ಷಣನ, ಗೆಳೆಯ ಕರ್ಣನ ಶವಗಳ ಮುಂದೆ ಅವನನ್ನು ನಿಲ್ಲಿಸುತ್ತಾನೆ; ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಲ್ಲಿಸುತ್ತಾನೆ. ಅಭಿಮನ್ಯುವನ್ನು ಕೊಂದ ಪಕ್ಷದ ಒಡೆಯನು ಅವನ ಸಾಹಸವನ್ನು ಮೆಚ್ಚುವ ಆ ಗಳಿಗೆಯಲ್ಲಿ, ಆಟದ ಧರ್ಮವು ಅನಿರೀಕ್ಷಿತವಾದ ಎಡೆಯಲ್ಲಿ ಮೂಡುತ್ತದೆ. ಎದುರಾಳಿಯ ಹಿರಿಮೆಯನ್ನು ಎದುರಾಳಿಯೇ ಒಪ್ಪುವುದು ಅದರ ಮೊದಲ ಲಕ್ಷಣವಷ್ಟೆ. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು ಕಡೆದು ದುರ್ಯೋಧನನಲ್ಲಿ ದುರಂತನಾಯಕನನ್ನು ಕಂಡಾಗ, ರನ್ನನಲ್ಲಿ ಇಲ್ಲದ್ದನ್ನು ಅವರು ತಂದು ಹಾಕಲಿಲ್ಲ. ಬಿರುದು ಭೀಮನಿಗೆ, ಕಣ್ಣೀರು ದುರ್ಯೋಧನನಿಗೆ ಎಂದು ಕಾವ್ಯವೇ ಹಂಚಿಕೊಟ್ಟಿದೆ. ಆಸ್ಥಾನಕವಿಯೂ ಪಂದ್ಯದ ತೀರ್ಪನ್ನು ಸಂಪೂರ್ಣವಾಗಿ ತಿದ್ದಲಾರದೆ ಹೋದನು.

೫

ಪುರಾಣದ ಕಣವನ್ನು ಬಿಟ್ಟು ಇತ್ತೀಚಿನ ಕಣಗಳಿಗೆ ಬಂದರೂ ಇದೇ ಮೂರು ನಿಲವುಗಳು ಎದುರಾಗುತ್ತವೆ. ಕ್ರಿಕೆಟ್ಟಿನಿಂದ ಮೂರು ಪ್ರಸಂಗಗಳನ್ನು ತೆಗೆದುಕೊಂಡರೆ ನಿಯಮ, ಸತ್ಯ, ದಾಕ್ಷಿಣ್ಯ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುವ ತಪ್ಪು ಹೇಗೆ ನಡೆಯುತ್ತದೆಂಬುದು ತಿಳಿಯುತ್ತದೆ.

ಮೊದಲನೆಯದು ೧೯೪೭ರ ಡಿಸೆಂಬರಿನದು. ಸಿಡ್ನಿಯ ಟೆಸ್ಟಿನಲ್ಲಿ, ಚೆಂಡು ಬಿಡುವುದಕ್ಕೆ ಮೊದಲೇ ಗೆರೆ ಬಿಟ್ಟು ಮುಂದೆ ಹೋಗಿದ್ದ ಬಿಲ್ ಬ್ರೌನ್ ಅವರನ್ನು ವಿನೂ ಮಂಕಡ್ ಅವರು ರನೌಟ್ ಮಾಡಿದರು. ಅದೇ ಪ್ರವಾಸದ ಹಿಂದಿನದೊಂದು ಪಂದ್ಯದಲ್ಲಿ ಅವರು ಬ್ರೌನ್ ಅವರಿಗೆ ಎಚ್ಚರಿಕೆ ಕೊಟ್ಟು, ಆಮೇಲೆ ಹಾಗೆಯೇ ಔಟ್ ಮಾಡಿದ್ದರು. ನಿಯಮ ಮಂಕಡ್ ಅವರ ಕಡೆಗಿತ್ತು. ಗೆರೆ ಬಿಟ್ಟು ಓಟವನ್ನು ಕದಿಯುತ್ತಿದ್ದವರು ದಾಂಡಿಗರು. ಎದುರು ತಂಡದ ನಾಯಕ ಬ್ರಾಡ್ಮನ್ನರೂ ತಮ್ಮ ಆತ್ಮಕಥೆಯಲ್ಲಿ ಮಂಕಡ್ ಅವರನ್ನು ಸಮರ್ಥಿಸಿದರು. ಆದರೂ ಆ ಬಗೆಯ ಔಟಿಗೆ ‘ಮಂಕಡಿಂಗ್’ ಎಂಬ ಹೆಸರು ಅಂಟಿ, ನಿಯಮ ಪಾಲಿಸಿದವರ ಹೆಸರೇ ಕುಟಿಲತೆಗೆ ಪರ್ಯಾಯವಾಯಿತು. ಈ ಔಟನ್ನು ‘ಅನ್ಯಾಯದ ಆಟ’ದ ಅಧ್ಯಾಯದಿಂದ ತೆಗೆದು ಸಾಮಾನ್ಯ ರನೌಟಿನ ಅಧ್ಯಾಯಕ್ಕೆ ಸೇರಿಸಲು ೨೦೨೨ರವರೆಗೆ ಕಾಯಬೇಕಾಯಿತು. ಬಲರಾಮನು ನಿಯಮ ಮುರಿದವನನ್ನು ದೂಷಿಸಿದನು. ಇಲ್ಲಿ ಲೋಕವು ನಿಯಮ ಮುರಿದವನನ್ನು ಕ್ಷಮಿಸಿ ಹಿಡಿದವನನ್ನು ದೂಷಿಸಿತು. ‘ಆಟದ ಮರ್ಯಾದೆ’ ಎಂಬ ಮಾತು ಕೆಲವೊಮ್ಮೆ ಬಲ್ಲಿದರ ರೂಢಿಗೆ ಹೊದಿಸಿದ ಶಾಲು ಮಾತ್ರವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಎರಡನೆಯದು ಮುಂಬಯಿಯಲ್ಲಿ, ೧೯೮೦ರ ಫೆಬ್ರವರಿಯಲ್ಲಿ, ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ನಡೆದ ಸುವರ್ಣ ಮಹೋತ್ಸವದ ಟೆಸ್ಟು. ಭಾರತದ ನಾಯಕರು ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಭಾರತದ ಮೊದಲ ಸರದಿ ೨೪೨ಕ್ಕೆ ಮುಗಿದಿತ್ತು. ಇಂಗ್ಲೆಂಡ್ ೫೮ಕ್ಕೆ ಐದು ವಿಕೆಟ್ಟುಗಳನ್ನು ಕಳೆದುಕೊಂಡಿತ್ತು. ಬೋಥಮ್ ಅವರ ಜೊತೆಗಾರ ಬಾಬ್ ಟೇಲರ್ ಅವರು ಕಪಿಲ್ ದೇವ್ ಅವರ ಚೆಂಡಿಗೆ ವಿಕೆಟ್ ಕೀಪರಿಗೆ ಕ್ಯಾಚಿತ್ತರೆಂದು ಅಂಪೈರರು ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗಲಿರಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರು ಅಂಪೈರರನ್ನು ಕೇಳಿಕೊಂಡು ಟೇಲರ್ ಅವರನ್ನು ಮರಳಿ ಆಡಿಸಿದರು. ಆ ಜೊತೆಯಾಟ ೧೭೧ ಓಟಗಳಿಗೆ ಬೆಳೆಯಿತು. ಇಂಗ್ಲೆಂಡ್ ೨೯೬ ಓಟ ಗಳಿಸಿ, ಕಡೆಗೆ ಹತ್ತು ವಿಕೆಟ್ಟುಗಳಿಂದ ಗೆದ್ದಿತು.

ಈ ಕಾರ್ಯವನ್ನು ಔದಾರ್ಯವೆಂದು ಹೊಗಳುವುದು ವಾಡಿಕೆ. ಔದಾರ್ಯದಿಂದ ಪಂದ್ಯ ಕಳೆಯಿತೆಂದು ಹಲುಬುವವರೂ ಉಂಟು. ಎರಡೂ ಸರಿಯಲ್ಲ. ಹಲುಬುವವರು ಬೋಥಮ್ ಅವರನ್ನು ಮರೆಯುತ್ತಾರೆ. ೧೧೪ ಓಟಗಳ ಜೊತೆಗೆ ೧೩ ವಿಕೆ‍ಟ್ಟುಗಳನ್ನು ಪಡೆದವರು ಅವರು. ಭಾರತದ ಎರಡನೆಯ ಸರದಿ ೧೪೯ಕ್ಕೆ ಮುಗಿದದ್ದಕ್ಕೆ ಟೇಲರ್ ಅವರ ಮರುಪ್ರವೇಶ ಕಾರಣವಲ್ಲ. ಹೊಗಳುವವರ ತಪ್ಪು ಇನ್ನೂ ಸೂಕ್ಷ್ಮವಾದುದು. ತನ್ನದನ್ನು ಇನ್ನೊಬ್ಬರಿಗೆ ಕೊಡುವುದು ಔದಾರ್ಯ. ಚೆಂಡು ಬ್ಯಾಟಿಗೆ ತಗಲದಿದ್ದ ಮೇಲೆ ಆ ವಿಕೆಟ್ ಭಾರತದ್ದೇ ಆಗಿರಲಿಲ್ಲ. ಕ್ರಿಕೆಟ್ಟಿನಲ್ಲಿ ಆಡುವವರು ಕೇಳದೆ ಅಂಪೈರರು ಔಟ್ ಕೊಡುವುದಿಲ್ಲ. ಕೇಳಿದ್ದನ್ನು ಅವರ ಒಪ್ಪಿಗೆಯೊಡನೆ ಹಿಂತೆಗೆದುಕೊಳ್ಳುವ ಹಾದಿಯೂ ನಿಯಮದಲ್ಲಿಯೇ ಇದೆ. ಸತ್ಯಕ್ಕೆ ಒಂದು ಪಾಲನ್ನು ಆಟಗಾರನ ಕೈಯಲ್ಲಿ ನಿಯಮವೇ ಇಟ್ಟಿದೆಯೆಂದು ಇದರ ಅರ್ಥ. ಆ ಪಾಲನ್ನು ವಿಶ್ವನಾಥ್ ಅವರು ಸಲ್ಲಿಸಿದರು. ಅದು ದಾನವಲ್ಲ, ಸಂದಾಯ. ಅದನ್ನು ದಾನವೆಂದು ಕರೆದರೆ ಮಾಡದೆ ಇದ್ದವರಿಗೆ ಯಾವ ಹೊಣೆಯೂ ಇರಲಿಲ್ಲವೆಂದು ಒಪ್ಪಿದಂತಾಗುತ್ತದೆ.

ದಾಕ್ಷಿಣ್ಯಕ್ಕೆ ತಕ್ಕ ನಿದರ್ಶನವು ಮೂರನೆಯ ಪ್ರಸಂಗ. ೨೦೧೧ರಲ್ಲಿ ಟ್ರೆಂಟ್ ಬ್ರಿಜ್ಜಿನಲ್ಲಿ, ೧೩೭ ಓಟ ಗಳಿಸಿದ್ದ ಇಯಾನ್ ಬೆಲ್ ಅವರು ಚೆಂಡು ಗೆರೆ ದಾಟಿತೆಂದು ಭಾವಿಸಿ ಚಹದ ವಿರಾಮಕ್ಕೆ ಹೊರಟುಬಿಟ್ಟರು; ಭಾರತದವರು ವಿಕೆಟ್ ಉರುಳಿಸಿದರು. ನಿಯಮದಂತೆ ಔಟ್ ಸರಿಯಾಗಿಯೇ ಇತ್ತು. ವಿರಾಮದಲ್ಲಿ ಧೋನಿಯವರು ಅಪೀಲನ್ನು ಹಿಂತೆಗೆದುಕೊಂಡರು. ಬೆಲ್ ಮರಳಿ ಬಂದು ತಮ್ಮ ಮೊತ್ತವನ್ನು ೧೫೯ಕ್ಕೆ ಮುಟ್ಟಿಸಿದರು. ಇದು ಸೌಜನ್ಯ, ಮೆಚ್ಚತಕ್ಕದ್ದೇ. ಆದರೆ ಇದನ್ನೂ ೧೯೮೦ರ ಪ್ರಸಂಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ದಾಕ್ಷಿಣ್ಯ ತೋರದಿದ್ದವನು ಕಠಿಣನಾಗಬಹುದು. ಸತ್ಯವನ್ನು ನುಂಗಿದವನು ಮೋಸಗಾರನಾಗುತ್ತಾನೆ. ಮಂಕಡ್ ಅವರು ಮೊದಲನೆಯ ಗುಂಪಿಗೆ ಸೇರಬಹುದಾದರೂ ಎರಡನೆಯದಕ್ಕೆ ಖಂಡಿತವಾಗಿ ಸೇರರು.

೬

ಮೋಸದಾಟಗಾರನಿಗಿಂತಲೂ ಕೆಳಗಿನ ಮೆಟ್ಟಿಲೊಂದಿದೆ. ಡಚ್ ಇತಿಹಾಸಕಾರ ಹೌಜಿಂಗ ಅವರು ೧೯೩೮ರ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಮೋಸದಾಟಗಾರನನ್ನೂ ಆಟಗೇಡಿಯನ್ನೂ ಬೇರೆ ಮಾಡಿದ್ದಾರೆ. ಮೋಸದಾಟಗಾರನು ಆಟವನ್ನು ಒಪ್ಪಿದಂತೆ ನಟಿಸುತ್ತಾನೆ, ಆಟದ ವೃತ್ತದೊಳಗೇ ನಿಂತಿರುತ್ತಾನೆ. ಆಟಗೇಡಿ ಆ ವೃತ್ತವನ್ನೇ ಅಳಿಸುತ್ತಾನೆ. ಭೀಮನೂ ಶಕುನಿಯೂ ಗೆಲ್ಲಬೇಕೆಂದು ಮೋಸ ಮಾಡಿದರು. ಗೆಲವು ಬೆಲೆಯುಳ್ಳದ್ದೆಂಬ ನಂಬಿಕೆ ಅವರಲ್ಲಿ ಉಳಿದಿತ್ತು. ೨೦೦೦ದ ಏಪ್ರಿಲ್ಲಿನಲ್ಲಿ ದೆಹಲಿಯ ಪೋಲೀಸರು ಹೊರಗೆಡವಿದ ಹಗರಣದಲ್ಲಿ ಕಂಡದ್ದು ಇನ್ನೊಂದು ಬಗೆ. ದಕ್ಷಿಣ ಆಫ್ರಿಕದ ನಾಯಕರಾಗಿದ್ದ ಹ್ಯಾನ್ಸಿ ಕ್ರೋನ್ಯೆ ಮೊದಲು ಅಲ್ಲಗಳೆದು, ಆಮೇಲೆ ಜೂಜುಕೋರರಿಂದ ಹಣ ಪಡೆದದ್ದನ್ನು ಒಪ್ಪಿಕೊಂಡರು. ಅವರಿಗೆ ಆಜೀವ ಬಹಿಷ್ಕಾರ ವಿಧಿಸಲಾಯಿತು. ಇಲ್ಲಿ ಕೆಟ್ಟದ್ದು ಎದುರಾಳಿಯ ಪಾಲೊಂದೇ ಅಲ್ಲ. ಆಟದ ಫಲವನ್ನು ಕಣದ ಹೊರಗೆ ಮಾರಿದ ಮೇಲೆ ಒಳಗೆ ಬೆವರು ಸುರಿಸಿದ ಉಳಿದವರೆಲ್ಲರೂ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬಂತಾದರು. ಹತ್ತಿರದ ಸ್ಪರ್ಧೆಯಲ್ಲಿ ಗೆದ್ದ ಹಳೆಯ ಪಂದ್ಯಗಳನ್ನೂ ಜನ ಸಂಶಯದಿಂದ ನೆನೆಯತೊಡಗಿದರು. ಮಾರಾಟವಾದ ಆಟವು ಹಿಂದಿನ ಸಂತೋಷವನ್ನೂ ಕಸಿದುಕೊಳ್ಳುತ್ತದೆ.

ಇಷ್ಟನ್ನು ಗಮನಿಸಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಸಮಂತಪಂಚಕದಲ್ಲಿ ಗೆದ್ದವರು ಯಾರು? ರಾಜ್ಯವನ್ನು ಪಡೆದವರು ಪಾಂಡವರು, ಅದರಲ್ಲಿ ಸಂಶಯವಿಲ್ಲ. ದುರ್ಯೋಧನನು ಗೆದ್ದನೆನ್ನುವುದಕ್ಕೂ ಆಧಾರವಿಲ್ಲ. ಪಂದ್ಯ ಮುಂದುವರಿದಿದ್ದರೆ ಭೀಮನ ಬಲವೇ ಮೇಲಾಗುತ್ತಿತ್ತೋ ಏನೋ, ಕೃಷ್ಣನ ತೀರ್ಪೂ ಅನುಮಾನವೇ ಆಗಿದ್ದಿರಬಹುದು. ಅದನ್ನು ತಿಳಿಯಲು ಇದ್ದ ಒಂದೇ ಮಾರ್ಗ ಆ ಪಂದ್ಯ. ಆ ಮಾರ್ಗವನ್ನು ಪೆಟ್ಟು ಮುಚ್ಚಿತು. ಭೀಮನು ತಾನು ಮೇಲಾದವನೆಂದು ತೋರಿಸುವ ಅವಕಾಶವನ್ನು ಕಳೆದುಕೊಂಡನು. ಅವನಿಂದ ಅದನ್ನು ಕಸಿದುಕೊಂಡದ್ದು ಅವನದೇ ಗದೆ. ನೊಂದ ದ್ರೌಪದಿಗೆ ಸಲ್ಲಬೇಕಾದ ನ್ಯಾಯಕ್ಕೂ ಅದರಿಂದ ಹಾನಿಯಾಯಿತು. ತಪ್ಪಿತಸ್ಥನಾಗಿ ಸಾಯಬೇಕಾಗಿದ್ದವನು ಅನ್ಯಾಯಕ್ಕೆ ಬಲಿಯಾದವನಾಗಿ ಸತ್ತನು. ಅವನ ಮೇಲೆ ಆಕಾಶದಿಂದ ಹೂಮಳೆ ಸುರಿದು ಗೆದ್ದವರು ತಲೆ ತಗ್ಗಿಸಿದರೆಂದು ವ್ಯಾಸನೇ ಬರೆದಿದ್ದಾನೆ.

ಬಲರಾಮನು ಫಲವನ್ನು ಬದಲಾಯಿಸಲಿಲ್ಲ. ನೇಗಿಲನ್ನು ಕೆಳಗಿಳಿಸಿ, ಭೀಮನು ಲೋಕದಲ್ಲಿ ಕುಟಿಲಯೋಧನೆಂದು ಹೆಸರಾಗುವನು ಎಂದಷ್ಟೇ ಹೇಳಿ, ರಥವೇರಿ ದ್ವಾರಕೆಗೆ ಹೊರಟುಹೋದನು. ಇದನ್ನು ಅವನ ಸೋಲೆಂದು ತಿಳಿಯುವವರಿದ್ದಾರೆ. ಆದರೆ ನಿರ್ಣಾಯಕನಿಂದ ಎಲ್ಲ ಕಾಲದಲ್ಲಿಯೂ ಆಗಬಹುದಾದದ್ದು ಬಹುಶಃ ಇಷ್ಟೇ. ಗೆದ್ದ ಪಕ್ಷ ತನ್ನದೇ ತಮ್ಮನ ಪಕ್ಷವಾಗಿದ್ದಾಗಲೂ, ಸೋತವನು ಎಂಥವನೆಂಬುದು ತಿಳಿದಿದ್ದಾಗಲೂ, ಕಂಡ ತಪ್ಪಿಗೆ ತಪ್ಪೆಂಬ ಹೆಸರನ್ನೇ ಇಡುವುದು. ಅವನು ಇಟ್ಟ ಹೆಸರು ಉಳಿದದ್ದರಿಂದಲೇ, ಚಾಳುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಭೀಮನ ವಿಜಯವನ್ನು ಹಾಡಲು ಕುಳಿತ ಕವಿಗೂ ದುರ್ಯೋಧನನಿಗಾಗಿ ಅಷ್ಟು ಜಾಗವನ್ನು ಬಿಡಬೇಕಾಯಿತು.